ಏಳೂ ದಿನದ ಊಟದ ಲೆಕ್ಕ

ಸಿಂಧನೂರಿನ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಬರುವ ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಗಾದಿಯ ಮೇಲೆ ಕುಳಿತರೆ ಏಳುವುದು ರಾತ್ರಿ ಹತ್ತಕ್ಕೆ. ಉಳಿದ ದಿನಗಳಲ್ಲಿಯೂ ಕುಳಿತು ಮಾಡುವ ಕೆಲಸವೇ. 2023ರ ಜೂನ್‌ನಲ್ಲಿ ಬೆನ್ನುನೋವಿಗೆಂದು ವೈದ್ಯರ ಬಳಿಗೆ ಹೋದಾಗ ಅವರು ಬೆನ್ನಿಗಿಂತ ಮೊದಲು ಹೊಟ್ಟೆಯನ್ನು ಅಳೆದರು. ಆಗ ನನಗೆ 43 ವರ್ಷ, ಎತ್ತರ 170 ಸೆಂಟಿಮೀಟರ್, ತೂಕ 88 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್. ನಮ್ಮ ದೇಶದವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80 ಎಂದೂ, ಎತ್ತರಕ್ಕೆ ತಕ್ಕ ತೂಕವನ್ನು ತಿಳಿಸುವ ಬಿಎಂಐ 25 ದಾಟಿದರೆ ಅದನ್ನು ಬೊಜ್ಜು ಎಂದೇ ಪರಿಗಣಿಸುತ್ತಾರೆಂದೂ ಅವರು ವಿವರಿಸಿದರು. ನನ್ನದು 30 ದಾಟಿತ್ತು. ಅಪ್ಪನಿಗೆ ಐವತ್ತಕ್ಕೆ ಮೊದಲೇ ಸಕ್ಕರೆ ಕಾಯಿಲೆ ಬಂದದ್ದನ್ನು ಕಣ್ಣಾರೆ ಕಂಡವನಾದ್ದರಿಂದ ಅಂದೇ ತೂಕ ಇಳಿಸಲು ನಿರ್ಧರಿಸಿದೆ.

ಆ ನಿರ್ಧಾರ ಗಟ್ಟಿಯಾಗಿತ್ತು, ಆದರೆ ಅದನ್ನು ನಡೆಸಿದ ಬಗೆ ತಪ್ಪಾಗಿತ್ತು. ದಿನಕ್ಕೆ 1,300 ಕ್ಯಾಲೊರಿ ತಿಂದರೆ ತೂಕ ಬೇಗ ಇಳಿಯುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಆ ಅಂಕಿ ಯಾರ ಮೈಗೆ ಲೆಕ್ಕ ಹಾಕಿದ್ದು ಎಂದು ವಿಚಾರಿಸದೆ, ಅದನ್ನೇ ಹಿಡಿದೆ. ಬೆಳಿಗ್ಗೆ ಒಂದು ರೊಟ್ಟಿ, ಮಧ್ಯಾಹ್ನ ಎರಡು ರೊಟ್ಟಿ ಮತ್ತು ಪಲ್ಯ, ರಾತ್ರಿ ಒಂದು ಬಟ್ಟಲು ಅನ್ನ ಮತ್ತು ಸಾರು. ಸೋಮವಾರದಿಂದ ಶುಕ್ರವಾರದವರೆಗೆ ಹೇಗೋ ನಡೆಯುತ್ತಿತ್ತು. ಶನಿವಾರ ಸಂಜೆಯಾಗುತ್ತಲೇ ಮೈಯಲ್ಲಿ ಒಂದು ಬಗೆಯ ಹಸಿವು ಏಳುತ್ತಿತ್ತು. ಅದು ಒಂದು ದಿನದ ಹಸಿವಾಗಿರಲಿಲ್ಲ, ಐದು ದಿನಗಳಿಂದ ಕೂಡಿಟ್ಟದ್ದಾಗಿತ್ತು. ಹೀಗೆ ಐದು ತಿಂಗಳು ಕಳೆದ ಮೇಲೆ ತೂಕ ನೋಡಿದರೆ 87 ಕಿಲೋ 400 ಗ್ರಾಂ. ಐದು ತಿಂಗಳ ಕಷ್ಟಕ್ಕೆ 600 ಗ್ರಾಂ ಫಲ ಸಿಕ್ಕಾಗ ಆದ ನೋವನ್ನು ಈ ದಾರಿಯಲ್ಲಿ ನಡೆದವರೆಲ್ಲರೂ ಬಲ್ಲರು. ನನ್ನ ಮೈಯ ಗುಣವೇ ಹೀಗೆ, ನನಗೆ ತೂಕ ಇಳಿಯುವುದಿಲ್ಲ ಎಂದು ನಾನು ನಂಬತೊಡಗಿದ್ದೆ.

ಆ ನಂಬಿಕೆಯನ್ನು ಮುರಿದದ್ದು ನನ್ನ ಹೆಂಡತಿಯ ಒಂದು ಮಾತು. "ಐದು ದಿನ ಉಪಾಸ ಇದ್ದಂಗ ಇರ್ತೀರಿ, ಎರಡು ದಿನದಾಗ ಏಳು ದಿನದ್ದು ಉಣ್ತೀರಿ. ಹಿಂಗಾದ್ರ ತೂಕ ಹೆಂಗ ಇಳೀತದರೀ?" ಎಂದು ಆಕೆ ಕೇಳಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಕಾಳಜಿಯಿತ್ತು. ಅಂಗಡಿಯಲ್ಲಿ ಒಂದು ವಾರದ ಜಮಾ ಖರ್ಚು ಕೂಡದಿದ್ದರೆ ನಾನು ರೈತರನ್ನಾಗಲಿ ಕಾಟಾವನ್ನಾಗಲಿ ಶಂಕಿಸುವುದಕ್ಕೆ ಮೊದಲು ಬರೆಯದೆ ಬಿಟ್ಟ ಚೀಟಿ ಯಾವುದು ಎಂದು ಹುಡುಕುತ್ತೇನೆ. ಊಟದ ವಿಷಯದಲ್ಲಿ ಮಾತ್ರ ಆ ಹುಡುಕಾಟವನ್ನು ಒಮ್ಮೆಯೂ ಮಾಡಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ನಾಲ್ಕು ವಾರಗಳ ಕಾಲ ಊಟವನ್ನು ಸ್ವಲ್ಪವೂ ಬದಲಿಸದೆ, ಬಾಯಿಗೆ ಹೋದ ಪ್ರತಿಯೊಂದನ್ನೂ ಒಂದು ನೂರು ಪುಟದ ಪುಸ್ತಕದಲ್ಲಿ ಬರೆದೆ. ಅಡುಗೆಮನೆಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಧಾನ್ಯ ಮತ್ತು ಬೇಳೆಗಳ ಕ್ಯಾಲೊರಿಯನ್ನು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕಗಳನ್ನು ಆಧಾರವಾಗಿಟ್ಟುಕೊಂಡೆ. ನಮ್ಮ ನೆಲದ ಜೋಳ, ಸಜ್ಜೆ, ತೊಗರಿ, ಸೊಪ್ಪುಗಳ ಅಂಕಿಗಳು ಅದರಲ್ಲಿ ಸಿಗುತ್ತವೆ.

ನಾಲ್ಕು ವಾರಗಳ ಬರಹದಿಂದ ಎರಡು ಸಂಗತಿಗಳು ತಿಳಿದವು. ಮೊದಲನೆಯದು, ನಾನು 1,300 ಎಂದುಕೊಂಡಿದ್ದ ದಿನಗಳು ನಿಜವಾಗಿ 1,700ರ ಆಸುಪಾಸಿನಲ್ಲಿದ್ದವು. ಎರಡನೆಯದು, ಶನಿವಾರ ಸರಾಸರಿ 3,400, ಭಾನುವಾರ 3,900 ಆಗುತ್ತಿತ್ತು. ಶನಿವಾರದ್ದನ್ನು ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇಷ್ಟು ದೊಡ್ಡ ಅಂಕಿಯನ್ನು ನಾನೇ ಮೊದಲು ನಂಬಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು 450; ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಅನ್ನ, ಮೊಸರು ಸೇರಿ 900; ದಿನದ ಚಹಾಗಳು 300; ಸಂಜೆ ಗೆಳೆಯರೊಂದಿಗೆ ಒಂದು ತಟ್ಟೆ ಒಗ್ಗಾಣಿ ಮತ್ತು ನಾಲ್ಕು ಮಿರ್ಚಿ 750; ರಾತ್ರಿ ಡಾಬಾದ ಊಟ 1,000. ಇವುಗಳಲ್ಲಿ ಒಂದು ಊಟವೂ ಅತಿಯಾದದ್ದಲ್ಲ, ನಮ್ಮ ಭಾಗದ ಯಾವ ಮನೆಯವರೂ ಉಣ್ಣುವಂಥದ್ದೇ. ಆದರೆ ಒಂದೇ ದಿನದಲ್ಲಿ ಅವೆಲ್ಲವೂ ಕೂಡಿದ್ದವು.

ನನ್ನ ಮೈಗೆ ದಿನಕ್ಕೆ ಬೇಕಾಗಿದ್ದದ್ದು ಸುಮಾರು 2,250. ಅದನ್ನು ಲೆಕ್ಕ ಹಾಕಿದ ಬಗೆಯನ್ನು ಮುಂದೆ ಹೇಳುತ್ತೇನೆ. ಆ ಪ್ರಕಾರ ಐದು ದಿನ 1,700ರಂತೆ ತಿಂದಾಗ ದಿನಕ್ಕೆ 550ರ ಕೊರತೆ, ಒಟ್ಟು 2,750. ಶನಿವಾರ 1,150 ಹೆಚ್ಚು, ಭಾನುವಾರ 1,650 ಹೆಚ್ಚು, ಒಟ್ಟು 2,800. ಜಮೆಯೂ ಖರ್ಚೂ ಸರಿಸಮ. ಐದು ತಿಂಗಳ ಕಾಲ ನನ್ನ ಮೈ ಒಂದು ಪೈಸೆಯಷ್ಟೂ ಮೋಸ ಮಾಡಿರಲಿಲ್ಲ. ಕೊಟ್ಟದ್ದಕ್ಕೆ ತಕ್ಕ ಉತ್ತರವನ್ನೇ ಅದು ಹೇಳುತ್ತಿತ್ತು. ಆ ರಾತ್ರಿ ಪುಸ್ತಕವನ್ನು ಮುಚ್ಚಿದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ತಪ್ಪು ಎಲ್ಲಿದೆಯೆಂದು ತಿಳಿದರೆ ಅದನ್ನು ತಿದ್ದಬಹುದು.

ಹೀಗೆ ತಪ್ಪಾಗಿ ಅಂದಾಜು ಮಾಡುವುದು ನನ್ನೊಬ್ಬನ ದೌರ್ಬಲ್ಯವಲ್ಲವೆಂದೂ ಆಮೇಲೆ ತಿಳಿಯಿತು. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲವೆಂದು ಹೇಳುತ್ತಿದ್ದ ಕೆಲವರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ತಿಂದೆವೆಂದು ಬರೆದುಕೊಟ್ಟದ್ದು ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಡಿಮೆ ಇತ್ತು. ಮೈಯ ಉರಿಯುವಿಕೆಯಲ್ಲಿ ದೋಷವೇನೂ ಕಾಣಲಿಲ್ಲ. ಅವರು ಸುಳ್ಳು ಹೇಳುತ್ತಿದ್ದರೆಂದು ನಾನು ಭಾವಿಸುವುದಿಲ್ಲ, ಏಕೆಂದರೆ ನಾನೂ ಸುಳ್ಳು ಹೇಳಿರಲಿಲ್ಲ. ತಟ್ಟೆಗೆ ಬಡಿಸಿಕೊಂಡದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ನಿಂತುಕೊಂಡು, ಮಾತಾಡುತ್ತ, ಯಾರೋ ಕೈಗೆ ಕೊಟ್ಟಾಗ ತಿಂದದ್ದು ಉಳಿಯುವುದಿಲ್ಲ.

ನನ್ನ ಬಿಟ್ಟುಹೋದ 400 ಕ್ಯಾಲೊರಿಯ ಮುಕ್ಕಾಲು ಪಾಲು ಚಹಾದಲ್ಲಿತ್ತು. ವ್ಯಾಪಾರದ ಅಂಗಡಿಯಲ್ಲಿ ರೈತ ಬಂದರೂ ಚಹಾ, ಗಿರಣಿಯವರು ಬಂದರೂ ಚಹಾ, ಲಾರಿಯವ ಬಂದರೂ ಚಹಾ, ಮತ್ತು ಬಂದವರಿಗೆ ಜೊತೆಗೊಡುವುದು ಮರ್ಯಾದೆಯ ವಿಷಯ. ಎಮ್ಮೆಯ ಹಾಲು ಮತ್ತು ಸಕ್ಕರೆ ಹಾಕಿದ ಒಂದು ಸಣ್ಣ ಗ್ಲಾಸಿಗೆ 60 ಎಂದು ಹಿಡಿದರೂ ಐದಕ್ಕೆ 300. ಉಳಿದ ನೂರು ಶೇಂಗಾ ಹಿಂಡಿಯದು, ಅಂದರೆ ಶೇಂಗಾ ಚಟ್ನಿಪುಡಿಯದು. ರೊಟ್ಟಿಯ ಪಕ್ಕದಲ್ಲಿ ಎರಡು ಚಮಚ ಹಿಂಡಿ ಹಾಕಿಕೊಂಡರೆ ಅದನ್ನು ನಾವು ಊಟವೆಂದು ಎಣಿಸುವುದೇ ಇಲ್ಲ, ಉಪ್ಪಿನಂತೆ ಭಾವಿಸುತ್ತೇವೆ. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಒಂದು ಗ್ರಾಂ ಪಿಷ್ಟಕ್ಕೂ ಒಂದು ಗ್ರಾಂ ಪ್ರೋಟೀನಿಗೂ 4 ಕ್ಯಾಲೊರಿಯಾದರೆ ಒಂದು ಗ್ರಾಂ ಕೊಬ್ಬಿಗೆ 9. ಹೀಗಾಗಿ 20 ಗ್ರಾಂ ಹಿಂಡಿ ಅರ್ಧ ರೊಟ್ಟಿಗೆ ಸಮನಾಗುತ್ತದೆ. ಹಿಂಡಿಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದು ಚಮಚ ಅಳೆದು ಹಾಕಿಕೊಂಡು ಪುಸ್ತಕದಲ್ಲಿ ಬರೆಯುತ್ತೇನೆ.

ಎಣ್ಣೆಯ ಲೆಕ್ಕ ಮಾತ್ರ ಬಹಳ ದಿನ ಕಾಡಿತು. ಒಗ್ಗರಣೆಗೆ ಎಷ್ಟು ಸುರಿದರು, ಬದನೆಕಾಯಿ ಎಷ್ಟು ಕುಡಿಯಿತು, ನನ್ನ ತಟ್ಟೆಗೆ ಎಷ್ಟು ಬಂತು ಎಂದು ಅಡುಗೆಮನೆಯಲ್ಲಿ ನಿಂತು ಅಳೆಯುವುದು ಸಾಧ್ಯವೂ ಅಲ್ಲ, ಅಡುಗೆ ಮಾಡುವವರಿಗೆ ಹಿತವೂ ಅಲ್ಲ. ಕೊನೆಗೆ ತಿಂಗಳ ಕಿರಾಣಿ ಚೀಟಿಯಿಂದ ಲೆಕ್ಕ ಹಿಡಿದೆ. ನಮ್ಮ ಮನೆಯಲ್ಲಿ ನಾಲ್ವರು: ಅವ್ವ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು. ತಿಂಗಳಿಗೆ 5 ಲೀಟರ್ ಎಣ್ಣೆ ಬರುತ್ತಿತ್ತು. ಒಂದು ಲೀಟರ್ ಎಣ್ಣೆಯ ತೂಕ 910 ಗ್ರಾಂ. 5 ಲೀಟರನ್ನು ನಾಲ್ಕು ಜನರಿಗೂ ಮೂವತ್ತು ದಿನಗಳಿಗೂ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ ಸುಮಾರು 340 ಕ್ಯಾಲೊರಿ. ಯಾರಿಗೂ ಏನನ್ನೂ ಬಿಡಲು ಹೇಳದೆ, ಎಣ್ಣೆ ಡಬ್ಬಿಯಲ್ಲಿ ಒಂದು ಸಣ್ಣ ಸೌಟನ್ನು ಇಡಿಸಿ, ಕರಿದ ತಿಂಡಿಯನ್ನು ವಾರಕ್ಕೊಮ್ಮೆಗೆ ಇಳಿಸಿದೆವು. ಮೂರು ತಿಂಗಳಲ್ಲಿ 5 ಲೀಟರ್ 3ಕ್ಕೆ ಬಂತು. ತಲೆಗೆ 23 ಗ್ರಾಂ, 205 ಕ್ಯಾಲೊರಿ. ತೂಕ ಇಳಿಸುವ ವ್ಯವಹಾರದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಟ್ಟದ್ದು ಇನ್ನೊಂದಿಲ್ಲ, ಮತ್ತು ಇದರ ಲಾಭ ಇಡೀ ಮನೆಗೆ ಸಿಕ್ಕಿತು.

ರೊಟ್ಟಿಯ ವಿಷಯದಲ್ಲಿ ನಮ್ಮ ಕಡೆಯ ಓದುಗರಿಗೆ ಒಂದು ಮಾತು ಹೇಳಲೇಬೇಕು. ರೊಟ್ಟಿಯನ್ನು ತೂಗಿ ಕ್ಯಾಲೊರಿ ಲೆಕ್ಕ ಹಾಕಬೇಡಿ, ಹಿಟ್ಟನ್ನು ತೂಗಿ. ಜೋಳದ ಹಿಟ್ಟು 100 ಗ್ರಾಮಿಗೆ ಸುಮಾರು 335 ಕ್ಯಾಲೊರಿ. ಅವ್ವ ಒಂದು ಕಿಲೋ ಹಿಟ್ಟಿನಲ್ಲಿ ಹದಿನಾರು ರೊಟ್ಟಿ ಬಡಿಯುತ್ತಾಳೆ. ಒಂದಕ್ಕೆ 62 ಗ್ರಾಂ ಹಿಟ್ಟು, ಸರಿಸುಮಾರು 210 ಕ್ಯಾಲೊರಿ. ಅದೇ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿದಾಗ ನೀರು ಆರಿ ತೂಕ ಇಳಿಯುತ್ತದೆ, ಕೈಗೆ ಹಗುರವೆನಿಸುತ್ತದೆ, ಹೊಟ್ಟೆಗೂ ಹಗುರವೆಂದು ಭಾವಿಸಿ ಎರಡರ ಜಾಗದಲ್ಲಿ ನಾಲ್ಕು ಮುರಿದುಕೊಳ್ಳುತ್ತೇವೆ. ಹಿಟ್ಟು ಎಷ್ಟಿತ್ತೋ ಅಷ್ಟೇ ಇರುತ್ತದೆ. ಅನ್ನದಲ್ಲಿ ಇದರ ವಿರುದ್ಧ ದಿಕ್ಕಿನ ತಪ್ಪಾಗುತ್ತದೆ: 100 ಗ್ರಾಂ ಅಕ್ಕಿ ಬೆಂದು ನೀರು ಕುಡಿದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ಆದ್ದರಿಂದ ಅಕ್ಕಿಯ ಅಂಕಿಯನ್ನು ಅನ್ನಕ್ಕೆ ಹಚ್ಚಿದರೆ ಅನ್ನವು ವಿಷದಂತೆ ಕಾಣುತ್ತದೆ. ಸೋನಾ ಮಸೂರಿ ಬೆಳೆಯುವ ನಾಡಿನಲ್ಲಿದ್ದುಕೊಂಡು ಅನ್ನವನ್ನು ಸಂಪೂರ್ಣ ಬಿಟ್ಟವರನ್ನು ನಾನು ಬಲ್ಲೆ. ಅಳತೆಯಿದ್ದರೆ ಹಾಗೆ ಬಿಡುವ ಅಗತ್ಯವಿರಲಿಲ್ಲ.

ಈಗ ದಿನಕ್ಕೆ ಎಷ್ಟು ತಿನ್ನಬೇಕೆಂಬ ಅಂಕಿಗೆ ಬರುತ್ತೇನೆ. 1990ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಮಿಫ್ಲಿನ್ ಸೂತ್ರದ ಪ್ರಕಾರ, ಕಿಲೋದಲ್ಲಿರುವ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದರಷ್ಟನ್ನು ಕಳೆದು, ಗಂಡಸರಾದರೆ 5 ಕೂಡಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ಏನೂ ಮಾಡದೆ ಮಲಗಿದ್ದರೂ ಮೈಗೆ ಬೇಕಾಗುವ ಶಕ್ತಿಯ ಅಂದಾಜು ಅದು. ನನಗೆ 1,730 ಬಂತು. ಕುಳಿತು ಕೆಲಸ ಮಾಡಿ ಅಷ್ಟಿಷ್ಟು ಓಡಾಡುವವನಾದ್ದರಿಂದ ಅದನ್ನು 1.3ರಿಂದ ಗುಣಿಸಿದಾಗ 2,250. ಇದರಿಂದ 400 ಕಳೆದು 1,850 ಎಂದು ನಿಶ್ಚಯಿಸಿದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಸ್ಥೂಲ ಲೆಕ್ಕದಲ್ಲಿ ಇದು ತಿಂಗಳಿಗೆ ಒಂದೂವರೆ ಕಿಲೋ. ಮಾರುಕಟ್ಟೆಯ ಗೆಳೆಯರು ಇದನ್ನು ಕೇಳಿ, ಇಷ್ಟು ನಿಧಾನವಾದರೆ ಏನು ಪ್ರಯೋಜನ ಎಂದರು. ಬೇಗನೆ ಇಳಿಸುವ ಐದು ತಿಂಗಳನ್ನು ನಾನು ಆಗಲೇ ಕಳೆದಿದ್ದೆ.

ಕಡಿಮೆ ತಿನ್ನುವುದಕ್ಕೂ ಒಂದು ಮಿತಿಯಿದೆ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಯೋಗ. 1944ರ ಕೊನೆಯಲ್ಲಿ ಆರಂಭವಾದ ಅದರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಇಪ್ಪತ್ತನಾಲ್ಕು ವಾರ ಅರೆಹೊಟ್ಟೆಯಲ್ಲಿ ಇರಿಸಿದ್ದರು. ಆ ಯುವಕರಿಗೆ ದಿನವಿಡೀ ಊಟದ ಧ್ಯಾನವೇ ಆಯಿತು, ಸಿಡುಕು ಹೆಚ್ಚಿತು, ಉತ್ಸಾಹ ಕುಂದಿತು. ಆಮೇಲೆ ಹೊಟ್ಟೆ ತುಂಬ ಊಟ ಸಿಕ್ಕಾಗ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಅವರಿಗೆ ಕೊಟ್ಟಿದ್ದ ಊಟ ದಿನಕ್ಕೆ ಒಂದೂವರೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚಿನ ಕ್ಯಾಲೊರಿಯದು. ನಾನು ನನಗೆ ಗೊತ್ತುಮಾಡಿಕೊಂಡಿದ್ದ 1,300 ಅದಕ್ಕಿಂತಲೂ ಕಡಿಮೆ. ಶನಿವಾರ ಸಂಜೆಯ ಹಸಿವು ನನ್ನ ಮನಸ್ಸಿನ ಬಲಹೀನತೆಯೆಂದು ಐದು ತಿಂಗಳು ನನ್ನನ್ನೇ ಹಳಿದುಕೊಂಡಿದ್ದೆ. ಸೋಮವಾರದ ತಟ್ಟೆಯೇ ಅದಕ್ಕೆ ಕಾರಣವಾಗಿತ್ತು.

ಹೊಸ ಪದ್ಧತಿಯಲ್ಲಿ 1,850 ಎಂಬುದನ್ನು ಒಂದು ಗೆರೆಯಾಗಿ ಇಟ್ಟುಕೊಳ್ಳದೆ 1,750ರಿಂದ 1,950ರವರೆಗಿನ ಒಂದು ಪಟ್ಟಿಯಾಗಿ ಇಟ್ಟುಕೊಂಡೆ. ಮನೆಯ ಅಡುಗೆಯಲ್ಲಿ ನೂರು ಕ್ಯಾಲೊರಿ ಆಚೀಚೆ ಆಗುವುದನ್ನು ಯಾವ ತಕ್ಕಡಿಯೂ ತಪ್ಪಿಸಲಾರದು. ಪಟ್ಟಿಯೊಳಗೆ ಇದ್ದ ದಿನವನ್ನು ಸರಿಯಾದ ದಿನವೆಂದೇ ಎಣಿಸಿದೆ. ಅದರ ಜೊತೆಗೆ ಭಾನುವಾರ ರಾತ್ರಿ ಏಳೂ ದಿನದ ಮೊತ್ತವನ್ನು ಕೂಡಿಸಿ 12,950ರ ಹತ್ತಿರ ಇದೆಯೇ ಎಂದು ನೋಡುತ್ತೇನೆ. ಹಬ್ಬಕ್ಕೋ ಮದುವೆಗೋ ಹೋಗುವ ದಿನ 2,400 ಆಗುವುದೆಂದು ಮೊದಲೇ ತಿಳಿದಿದ್ದರೆ, ಹೆಚ್ಚಾಗುವ 550ನ್ನು ಉಳಿದ ಆರು ದಿನಗಳಿಗೆ ಹಂಚಿ, ದಿನಕ್ಕೆ 90ರಂತೆ ಕಡಿಮೆ ಮಾಡುತ್ತೇನೆ. ತೊಂಬತ್ತೆಂದರೆ ಸಕ್ಕರೆ ಹಾಕಿದ ಒಂದೂವರೆ ಚಹಾ. ಮರುದಿನ ಉಪವಾಸ ಮಾಡಿ ಒಂದೇ ಏಟಿಗೆ ತೀರಿಸಲು ಹೋದರೆ ಮತ್ತೆ ಹಳೆಯ ಚಕ್ರವೇ ತಿರುಗತೊಡಗುತ್ತದೆ. ಇದನ್ನು ಎರಡು ಸಲ ಮಾಡಿ ಕಲಿತಿದ್ದೇನೆ.

ಈ ಪದ್ಧತಿಯ ನಿಜವಾದ ಪರೀಕ್ಷೆ ಮೂರನೆಯ ವಾರದಲ್ಲಿಯೇ ಬಂತು. 2024ರ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಎಂದಿನಂತೆ ಮನೆಮಂದಿಯೆಲ್ಲ ಹೊರಟೆವು. ಸುತ್ತಲಿನ ಹಳ್ಳಿಗಳ ತಾಯಂದಿರು ತಮ್ಮ ಮನೆಗಳಲ್ಲಿ ಬಡಿದು ಗಾಡಿಗಳಲ್ಲಿ ತುಂಬಿ ಕಳುಹಿಸಿದ ರೊಟ್ಟಿ, ಮಾದಲಿ, ಪಲ್ಯಗಳನ್ನು ಮಹಾದಾಸೋಹದ ಸಾಲಿನಲ್ಲಿ ಕುಳಿತು ಉಣ್ಣುವಾಗ ತಕ್ಕಡಿಯನ್ನು ನೆನೆಯುವುದು ನನಗೆ ಸಲ್ಲದು. ಹಿಂದಿನ ಪದ್ಧತಿಯಲ್ಲಾಗಿದ್ದರೆ, ಹೇಗೂ ಇಂದಿನ ದಿನ ಕೆಟ್ಟಿತು ಎಂದು, ಪ್ರಸಾದವಾದ ಮೇಲೆ ಜಾತ್ರೆಯ ಅಂಗಡಿಗಳ ಮಿರ್ಚಿ, ಜಿಲೇಬಿ, ಕಬ್ಬಿನ ಹಾಲು ಎಲ್ಲವೂ ನಡೆಯುತ್ತಿದ್ದವು. ಅಷ್ಟೇ ಅಲ್ಲ, ಮರಳಿ ಬಂದ ಮೇಲೂ ನಾಲ್ಕು ದಿನ ಅಳತೆಯನ್ನು ಬಿಟ್ಟು ಸೋಮವಾರಕ್ಕಾಗಿ ಕಾಯುತ್ತಿದ್ದೆ. ಈ ಸಲ ಭಕ್ತಿಯಿಂದ, ಹೊಟ್ಟೆ ತುಂಬ ಪ್ರಸಾದ ಉಂಡೆ. ಬಸ್ಸಿನಲ್ಲಿ ಕುಳಿತು ಅಂದಾಜಿನಿಂದ 1,000 ಎಂದು ಬರೆದೆ. ಅಂಗಡಿಗಳ ಕಡೆ ಹೋಗಲಿಲ್ಲ, ರಾತ್ರಿ ಮನೆಯಲ್ಲಿ ಮಜ್ಜಿಗೆ ಅನ್ನ. ದಿನದ ಮೊತ್ತ 2,300. ಮರುದಿನ ಬೆಳಿಗ್ಗೆ ಎಂದಿನ ಊಟ. ಒಂದು ಊಟ ಹೆಚ್ಚಾದದ್ದು ಒಂದು ದಿನವನ್ನಾಗಲಿ, ಒಂದು ದಿನ ಹೆಚ್ಚಾದದ್ದು ಒಂದು ವಾರವನ್ನಾಗಲಿ ಎಳೆದುಕೊಂಡು ಹೋಗದಂತೆ ತಡೆದ ಮೊದಲ ದಿನ ಅದು. ಅಂದಾಜು ತಪ್ಪಾಗಿರಬಹುದು, 1,000ದ ಜಾಗದಲ್ಲಿ 1,200 ಆಗಿರಬಹುದು, ಆದರೂ ಬರೆದದ್ದು ಮುಖ್ಯವಾಗಿತ್ತು. ಹೆಚ್ಚು ತಿಂದ ದಿನವೇ ಪುಸ್ತಕ ಖಾಲಿಯಿದ್ದರೆ ಉಳಿದ ಆರು ದಿನಗಳ ಬರಹ ನಮ್ಮನ್ನು ನಾವೇ ಮೆಚ್ಚಿಕೊಳ್ಳುವುದಕ್ಕೆ ಮಾತ್ರ ಉಪಯೋಗವಾಗುತ್ತದೆ.

ಜಾತ್ರೆಯಿಂದ ಬಂದ ಮರುದಿನ ತೂಕದ ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸಿತು. ಇಲ್ಲಿ ನನ್ನ ವೃತ್ತಿ ನನಗೆ ನೆರವಾಯಿತು. ಭತ್ತವನ್ನು ನಮ್ಮಲ್ಲಿ 75 ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಕಟಾವು ಯಂತ್ರದಿಂದ ನೇರವಾಗಿ ಬಂದ ಹಸಿ ಭತ್ತವನ್ನು ಯಾವ ವ್ಯಾಪಾರಿಯೂ ಕಾಟಾದ ಅಂಕಿಯೊಂದನ್ನೇ ನೋಡಿ ಕೊಳ್ಳುವುದಿಲ್ಲ, ಮುಷ್ಟಿ ಭತ್ತವನ್ನು ಯಂತ್ರಕ್ಕೆ ಹಾಕಿ ತೇವಾಂಶ ಎಷ್ಟೆಂದು ನೋಡುತ್ತಾನೆ. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿಯೂ ಶೇಕಡಾ 17ರ ಮಿತಿಯಿದೆ. ಎರಡು ಬಿಸಿಲು ಒಣಗಿಸಿದರೆ ತೂಕ ಇಳಿಯುತ್ತದೆ, ಒಳಗಿನ ಅಕ್ಕಿ ಇದ್ದಷ್ಟೇ ಇರುತ್ತದೆ. ಮೈಯಲ್ಲಿಯೂ ಹಾಗೆಯೇ. ಉಪ್ಪು ಹೆಚ್ಚು ತಿಂದಾಗ ನೀರು ನಿಲ್ಲುತ್ತದೆ; ಹೆಚ್ಚಿನ ಪಿಷ್ಟವನ್ನು ಮೈಯು ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಕೂಡಿಡುವಾಗ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನೂ ಜೊತೆಗೆ ಹಿಡಿದಿಡುತ್ತದೆ. ಒಂದೂವರೆ ಕಿಲೋ ಕೊಬ್ಬು ಒಂದೇ ದಿನದಲ್ಲಿ ಸೇರಬೇಕಾದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿಯನ್ನು ಅಗತ್ಯಕ್ಕಿಂತ ಮೇಲೆ ತಿಂದಿರಬೇಕು, ಅದು ಆಗುವ ಮಾತಲ್ಲ. ನಾಲ್ಕನೆಯ ದಿನಕ್ಕೆ ಆ ನೀರು ಇಳಿದುಹೋಯಿತು. ಅಂದಿನಿಂದ ದಿನವೂ ಬೆಳಿಗ್ಗೆ ಚಹಾಕ್ಕೆ ಮೊದಲು ತೂಕ ನೋಡಿ ಬರೆದರೂ, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸುವುದನ್ನು ಬಿಟ್ಟರೆ ಒಂದು ದಿನದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಈ ಭಾಗದ ಏಪ್ರಿಲ್ ಮತ್ತು ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ದಿನಗಳಲ್ಲಿ, ಬೆವರಿನಿಂದಲೇ ತೂಕ ಇಳಿದಂತೆ ಕಾಣುವುದೂ ಉಂಟು. ಅದನ್ನು ಕಂಡು ಹಿಗ್ಗುವುದೂ ಅಷ್ಟೇ ತಪ್ಪು.

ಮನೆಯವರ ಸಹಕಾರವಿಲ್ಲದೆ ಇದು ನಡೆಯುವುದಿಲ್ಲ. ಅವ್ವನಿಗೆ ಇದನ್ನು ಒಪ್ಪಿಸಲು ಬಹಳ ದಿನ ಬೇಕಾಯಿತು. "ದುಡಿಯೋ ಮನುಷ್ಯಾ ಎರಡು ರೊಟ್ಟಿ ಉಂಡು ಏಳ್ತಿಯಲ್ಲಪ್ಪಾ, ಇನ್ನೊಂದು ಹಾಕ್ತೀನಿ ತಗೋ" ಎಂದು ಆಕೆ ಕೈಯಲ್ಲಿ ರೊಟ್ಟಿ ಹಿಡಿದು ನಿಂತಾಗ, ಬೇಡವೆನ್ನುವುದು ಆಕೆಯ ಪ್ರೀತಿಯನ್ನೇ ಬೇಡವೆಂದಂತೆ ಆಕೆಗೂ ಅನಿಸುತ್ತಿತ್ತು, ನನಗೂ ಅನಿಸುತ್ತಿತ್ತು. ಬರಗಾಲವನ್ನು ಕಂಡ ತಲೆಮಾರಿಗೆ ಮಗನ ತಟ್ಟೆ ಖಾಲಿಯಾಗಿ ಕಾಣುವುದು ಎಂಥ ಸಂಕಟವೆಂದು ನಾನು ತಿಳಿದುಕೊಳ್ಳಬೇಕಾಯಿತು. ಒಂದು ದಿನ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪನ ಕಾಲಿನ ಹುಣ್ಣನ್ನು ನೆನಪಿಸಿ, ಅದು ನನಗೆ ಬರಬಾರದೆಂದು ಇದನ್ನು ಮಾಡುತ್ತಿದ್ದೇನೆ ಅವ್ವಾ ಎಂದೆ. ಆಮೇಲೆ ಆಕೆ ಮೂರನೆಯ ರೊಟ್ಟಿಯನ್ನು ಹಿಡಿದು ಬರಲಿಲ್ಲ. ಅದರ ಬದಲಿಗೆ ಸೌತೆಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯೆಯ ಪಚಡಿಯನ್ನು ತಟ್ಟೆಯ ತುಂಬ ಹಾಕತೊಡಗಿದಳು. ತಟ್ಟೆ ತುಂಬಿ ಕಾಣುತ್ತದೆ, ಆಕೆಗೂ ನೆಮ್ಮದಿ. ಹಸಿವನ್ನು ಹಿಡಿದಿಡುವುದರಲ್ಲಿ ಈ ಹಸಿ ತರಕಾರಿಗಳಷ್ಟೇ ನೆರವಾದದ್ದು ಬೇಳೆಕಾಳು. ದಪ್ಪನೆಯ ತೊಗರಿ ಬೇಳೆ, ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯ, ಮೊಸರು, ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ ಬಂದ ಮೇಲೆ ಹನ್ನೊಂದು ಗಂಟೆಯ ಚಹಾದ ಜೊತೆ ಬಿಸ್ಕತ್ತು ಬೇಕೆನಿಸುವುದು ನಿಂತಿತು.

ಒಂದು ಎಚ್ಚರಿಕೆಯ ಮಾತು. ನನ್ನ ಹೆಂಡತಿಯ ಅಣ್ಣ ಇನ್ಸುಲಿನ್ ತೆಗೆದುಕೊಳ್ಳುವವರು. ನನ್ನನ್ನು ನೋಡಿ ಅವರು ಯಾರಿಗೂ ಹೇಳದೆ ರಾತ್ರಿಯ ಊಟವನ್ನು ಅರ್ಧ ಮಾಡಿದರು. ಸೂಜಿಯ ಪ್ರಮಾಣ ಮಾತ್ರ ಹಿಂದಿನಷ್ಟೇ ಇತ್ತು. ನಸುಕಿನಲ್ಲಿ ಸಕ್ಕರೆ ಇಳಿದು, ಮೈ ಬೆವರಿ ನಡುಗಿ, ಮಾತು ತಡವರಿಸುವಂತಾಯಿತು. ಅತ್ತಿಗೆ ತಕ್ಷಣ ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೆ ಸೇರಿದವರಲ್ಲ.

ಹೊಸ ಪದ್ಧತಿಯ ಹದಿನಾಲ್ಕು ತಿಂಗಳಲ್ಲಿ ನನ್ನ ಸರಾಸರಿ ತೂಕ 77 ಕಿಲೋಗೆ ಬಂದಿದೆ, ಸೊಂಟ 91 ಸೆಂಟಿಮೀಟರಿಗೆ. ಮೊದಲ ಆರು ತಿಂಗಳಲ್ಲಿ ಇಳಿದ ವೇಗದಲ್ಲಿ ಆಮೇಲೆ ಇಳಿಯಲಿಲ್ಲ, ಕಳೆದ ಎರಡು ತಿಂಗಳಲ್ಲಂತೂ ಸರಾಸರಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಸುಗ್ಗಿಯ ದಿನಗಳ ಊಟವನ್ನು ನಾನು ಕೆಲವೊಮ್ಮೆ ಬರೆಯದೆ ಬಿಟ್ಟದ್ದು ಒಂದು ಕಾರಣ. ಇನ್ನೊಂದು ಕಾರಣ ಸೂತ್ರದಲ್ಲಿಯೇ ಇದೆ: ಹನ್ನೊಂದು ಕಿಲೋ ಹಗುರಾದ ಮೈಗೆ, ಒಂದು ವರ್ಷ ಹೆಚ್ಚಿದ ವಯಸ್ಸಿಗೆ, ಈಗ ಬೇಕಾಗುವುದು ಸುಮಾರು 2,100 ಮಾತ್ರ. ಅದೇ 1,850 ತಿಂದರೆ ಕೊರತೆ 400ರಿಂದ 250ಕ್ಕೆ ಇಳಿಯುತ್ತದೆ, ಮತ್ತು ಬರೆಯದೆ ಬಿಟ್ಟ ಎರಡು ಚಹಾ, ಒಂದು ಚಮಚ ಹಿಂಡಿ, ಅಳೆಯದ ಒಂದು ಬಟ್ಟಲು ಅನ್ನ ಅದನ್ನು ನುಂಗಿಹಾಕಲು ಸಾಕು. ಊಟವನ್ನು 1,700ಕ್ಕೆ ಇಳಿಸುವುದೇ, ನಡಿಗೆಯನ್ನು ಹೆಚ್ಚಿಸುವುದೇ ಎಂದು ಒಂದು ವಾರ ಯೋಚಿಸಿದೆ. ನಾನಂತೂ ಊಟವನ್ನು ಮುಟ್ಟುವುದಿಲ್ಲ. ನಾಳೆಯಿಂದ ಬೆಳಿಗ್ಗೆ ಐದೂವರೆಗೆ ಬಿಸಿಲೇರುವ ಮೊದಲು ನಾಲೆಯ ಏರಿಯ ಮೇಲೆ ಮುಕ್ಕಾಲು ಗಂಟೆ ನಡೆಯುವುದೆಂದೂ, ಚಹಾವನ್ನು ಐದರಿಂದ ಮೂರಕ್ಕೆ ಇಳಿಸಿ ಉಳಿದ ಎರಡಕ್ಕೆ ನೀರು ಮಜ್ಜಿಗೆ ಕುಡಿಯುವುದೆಂದೂ ಗೊತ್ತುಮಾಡಿದ್ದೇನೆ.

ಮುಂದಿನ ವಾರ ಯುಗಾದಿ. ಹೋಳಿಗೆ ಎರಡು, ತುಪ್ಪ ಒಂದು ಚಮಚ, ಕಟ್ಟಿನ ಸಾರು, ಸ್ವಲ್ಪ ಅನ್ನ, ಬೇವಿನ ಪಾನಕ ಒಂದು ಲೋಟ, ಒಟ್ಟು ದಿನಕ್ಕೆ 2,400 ಎಂದು ಪುಸ್ತಕದ ಆ ದಿನದ ಪುಟದಲ್ಲಿ ಈಗಲೇ ಬರೆದಿಟ್ಟಿದ್ದೇನೆ. ಹೋಳಿಗೆ ಎರಡೇ ಎಂದು ಅವ್ವನಿಗೂ ನಿನ್ನೆ ರಾತ್ರಿ ಹೇಳಿದೆ. ಹಾಗಾದರೆ ಹೂರಣ ಚೆನ್ನಾಗಿ ತುಂಬಿ ಮಾಡುತ್ತೇನೆ ಎಂದಳು. ಅದನ್ನು ತೂಗಿ ನೋಡಿ ಒಂದಕ್ಕೆ 300 ಎಂದು ಹಿಡಿಯಬೇಕೋ 350 ಎಂದು ಹಿಡಿಯಬೇಕೋ ಅಂದು ತಿದ್ದಿಕೊಳ್ಳುತ್ತೇನೆ.